ಸಿಡಿ ಇದ್ದರೂ ಹಳೇ ವೆಬ್‌ಕ್ಯಾಮ್‌ನ ಡ್ರೈವರ್ ವಿಂಡೋಸ್ 10ರಲ್ಲಿ ಯಾಕೆ ಇನ್‌ಸ್ಟಾಲ್ ಆಗಲ್ಲ?

ಬಹುತೇಕ ಕಾರಣ ಒಂದೇ: ಸಿಡಿಯಲ್ಲಿರುವುದು ಹಳೇ ವಿಂಡೋಸ್ ಎಕ್ಸ್‌ಪಿ ಕಾಲದ 32-ಬಿಟ್ ಡ್ರೈವರ್ (ಕ್ಯಾಮೆರಾವನ್ನು ವಿಂಡೋಸ್ ಜೊತೆ ಮಾತಾಡಿಸುವ ಪ್ರೋಗ್ರಾಂ), ನಿಮ್ಮ ವಿಂಡೋಸ್ 64-ಬಿಟ್. ಹಳೇ 32-ಬಿಟ್ ಪ್ರೋಗ್ರಾಂಗಳು ಓಡುತ್ತವಲ್ಲ ಅಂತ ಕೇಳಬಹುದು. ಅವು ಹೊರಗಿನ ಪಡಸಾಲೆಯಲ್ಲಿ ಕೂತು ಕೆಲಸ ಮಾಡುತ್ತವೆ, ಆದರೆ ಇಂಥ ಡ್ರೈವರ್ ವಿಂಡೋಸ್‌ನ ಕರ್ನಲ್ ಅನ್ನುವ ಒಳಮನೆಗೇ ಹೋಗಬೇಕು, ಅಲ್ಲಿ 64-ಬಿಟ್‌ಗೆ ಮಾತ್ರ ಪ್ರವೇಶ. ಹಳೇ ಪ್ರೋಗ್ರಾಂಗಳನ್ನು ಓಡಿಸುವ 'ಕಂಪ್ಯಾಟಿಬಿಲಿಟಿ ಮೋಡ್' ಹಾಕಿ ಸುಮ್ನೆ ಒದ್ದಾಡಬೇಡಿ.

ಮೊದಲು ಕ್ಯಾಮೆರಾ ಚುಚ್ಚಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್‌ನಲ್ಲಿ 'ಕಂಪ್ಯಾಟಿಬಲ್ ಐಡಿ' ನೋಡಿ. ಕ್ಲಾಸ್_0ಇ ಅಂತ ಇದ್ದರೆ ಅದು ಯುವಿಸಿ, ಅಂದರೆ ಎಲ್ಲ ಕಂಪನಿಗೂ ಒಂದೇ ಆದ ಯುಎಸ್‌ಬಿ ವಿಡಿಯೋ ಪದ್ಧತಿಯದು. ಸಿಡಿಯೇ ಬೇಡ! ಹಳೇ ಡ್ರೈವರ್ ತೆಗೆದು ಮತ್ತೆ ಚುಚ್ಚಿದರೆ ವಿಂಡೋಸ್ ತನ್ನದನ್ನೇ ಹಾಕಿಕೊಳ್ಳುತ್ತದೆ.

ಇಲ್ಲದಿದ್ದರೆ, ಕಂಪನಿ 64-ಬಿಟ್ ಡ್ರೈವರ್ ಕೊಟ್ಟಿದ್ದರೆ ಮಾತ್ರ ದಾರಿ. ಸಿಕ್ಕಸಿಕ್ಕ 'ಡ್ರೈವರ್ ಅಪ್‌ಡೇಟರ್' ಹಾಕಬೇಡಿ, ವೈರಸ್ ಭಯ ಜಾಸ್ತಿ. ವಿಜಯಪುರದ ನಮ್ಮ ಮನೆಯಲ್ಲಿ ಅಂಥದೇ ಒಂದು ಗುಂಡನೆ ಕ್ಯಾಮೆರಾ ಧೂಳು ತಿನ್ನುತ್ತಿತ್ತು, ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್‌ಗೆ ಚುಚ್ಚಿದ ತಕ್ಷಣ ಚಿತ್ರ ಬಂತು. ಲಿನಕ್ಸ್ ಕರ್ನಲ್‌ನಲ್ಲೇ ಜಿಎಸ್‌ಪಿಸಿಎ ಅನ್ನುವ ಡ್ರೈವರ್‌ಗಳ ಗುಂಪಿದೆ, ಇಂಥ ಎಷ್ಟೋ ಹಳೇ ಕ್ಯಾಮೆರಾಗಳು ಅದಕ್ಕೆ ಗೊತ್ತು.