ಸಿನಿಮಾ ಪ್ರಶ್ನೋತ್ತರ: ಜೇಸನ್ ಯಾಕೆ ಸಾಯಲ್ಲ?

ಪ್ರಶ್ನೆ: ಜೇಸನ್ ಅನ್ನೋ ಕೊಲೆಗಾರನ ಹಾರರ್ ಸರಣಿ ‘ಫ್ರೈಡೇ ದ ಥರ್ಟೀನ್ತ್’ನ 4ನೇ ಭಾಗದ ಹೆಸರೇ ‘ಫೈನಲ್ ಚಾಪ್ಟರ್’. ಅದಾದ ಮೇಲೂ 8 ಸಿನಿಮಾ ಬಂದಿವೆ! ನೋಡುವವರಿಗೆ ಬೇಜಾರಾಗಲ್ವಾ ಸಾರ್? ನಿಲ್ಲಿಸೋಕೆ ಇವರಿಗೇನು ಕಷ್ಟ?
– ಓದುಗರೊಬ್ಬರು, ಹಾಸನ

ಉತ್ತರ: ನಿಲ್ಲಿಸಿದರೆ ದುಡ್ಡು ಬರೋದೂ ನಿಲ್ಲುತ್ತೆ, ಅದೇ ಕಷ್ಟ. 1980ರ ಮೊದಲ ಚಿತ್ರಕ್ಕೆ ಖರ್ಚಾದದ್ದು ಸುಮಾರು ಐದೂವರೆ ಲಕ್ಷ ಡಾಲರ್. ಅಮೆರಿಕದಲ್ಲೇ ಗಳಿಸಿದ್ದು ಹತ್ತಿರ ಹತ್ತಿರ 4 ಕೋಟಿ ಡಾಲರ್. ದೊಡ್ಡ ಸ್ಟಾರ್ ಇಲ್ಲ. ಶೂಟಿಂಗ್ ನಡೆದದ್ದು ನ್ಯೂಜೆರ್ಸಿಯ ಒಂದು ಸ್ಕೌಟ್ ಕ್ಯಾಂಪಿನಲ್ಲಿ. ಇದ್ದವರಲ್ಲಿ ಹೆಸರಿದ್ದ ನಟಿ ಬೆಟ್ಸಿ ಪಾಮರ್. ಹೊಸ ಕಾರಿಗೆ ದುಡ್ಡು ಬೇಕಿತ್ತು, ಅದಕ್ಕೇ ಒಪ್ಪಿಕೊಂಡೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಆ ಚಿತ್ರದಲ್ಲಿ ಕೊಲೆ ಮಾಡುವುದು ಜೇಸನ್ ಅಲ್ಲ, ಅವನ ಅಮ್ಮ. (ನೋಡದವರು ಕ್ಷಮಿಸಿ. 40 ವರ್ಷದ ಮೇಲಾಯಿತು, ಇನ್ನೆಷ್ಟು ದಿನ ಮುಚ್ಚಿಡಲಿ?) ಮಗ ಕೊಲೆಗಿಳಿದದ್ದು 2ನೇ ಭಾಗದಲ್ಲಿ, ತಲೆಗೆ ಚೀಲ ಹಾಕಿಕೊಂಡು. ಹಾಕಿ ಆಟದವರ ಮುಖವಾಡ ಅವನಿಗೆ ಸಿಕ್ಕಿದ್ದು 1982ರ 3ನೇ ಭಾಗದಲ್ಲಿ. ನಿರ್ಮಾಪಕರ ಅದೃಷ್ಟ ಖುಲಾಯಿಸಿದ್ದು ಅಲ್ಲೇ. ಮುಖವೇ ಕಾಣದ ಮೇಲೆ ಒಳಗೆ ಯಾರಿದ್ದರೇನು? ಕೇನ್ ಹಾಡರ್ ಸತತ ನಾಲ್ಕು ಭಾಗಗಳಲ್ಲಿ ಜೇಸನ್ ಆಗಿದ್ದರು. 2003ರಲ್ಲಿ ಅವರನ್ನೂ ಬದಲಿಸಿ ಬೇರೆಯವರನ್ನು ಹಾಕಿಕೊಂಡರು.

‘ಫೈನಲ್’ ಬಂದದ್ದು 1984ರಲ್ಲಿ. ಮುಂದಿನ ವರ್ಷವೇ 5ನೇ ಭಾಗ! ಜೇಸನ್ ಸತ್ತಿದ್ದಾನಲ್ಲ, ಅವನ ವೇಷ ಹಾಕಿ ಇನ್ಯಾರೋ ಕೊಲ್ಲುತ್ತಾನೆ. ಅಭಿಮಾನಿಗಳು ಗೊಣಗಿದರು. ಸರಿ, 1986ರಲ್ಲಿ ಗೋರಿ ಅಗೆದು, ಹೆಣಕ್ಕೆ ಸಿಡಿಲು ಹೊಡೆಸಿ ಎಬ್ಬಿಸಿದರು. ನನಗೆ ಈ 6ನೇ ಭಾಗವೇ ಇಷ್ಟ. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತದೆ. 8ನೇದು ಮ್ಯಾನ್‌ಹಟನ್ ಅಂತ ಹೆಸರಿಟ್ಟುಕೊಂಡು ಜಾಸ್ತಿ ಹೊತ್ತು ಹಡಗಿನಲ್ಲೇ ಕಳೆಯುತ್ತದೆ, ಸುಮ್ನೆ ಮೋಸ. 10ನೇದರಲ್ಲಿ ಬಾಹ್ಯಾಕಾಶಕ್ಕೇ ಹೋದ.

ಬೇಜಾರಿನ ವಿಷಯ ಕೇಳಿದಿರಿ. ನಾನು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಕಾಲದಲ್ಲಿ ಯಾರೂ ಎಷ್ಟನೇ ಭಾಗ ಅಂತ ವಿಚಾರಿಸುತ್ತಿರಲಿಲ್ಲ. ‘ಆ ಮಾಸ್ಕಿನವನದು ಬೇರೆ ಇದೆಯಾ?’ ಅಷ್ಟೇ. ಕತೆ ಎಲ್ಲರಿಗೂ ಗೊತ್ತು. ಈ ಸಲ ಯಾವ ಬಾಗಿಲ ಹಿಂದಿಂದ ಬರ್ತಾನೆ ಅನ್ನೋದಕ್ಕೇ ಅವರು ದುಡ್ಡು ಕೊಡುತ್ತಿದ್ದುದು.

ಪ್ರಶ್ನೆ: ‘ಹ್ಯಾಲೋವೀನ್’ ಸರಣಿಯ ಅಷ್ಟೂ ಚಿತ್ರ ನೋಡಬೇಕಾ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡಮ್ಮ. ಜಾನ್ ಕಾರ್ಪೆಂಟರ್ ಅವರ 1978ರ ಚಿತ್ರ ನೋಡಿ, ನೇರ 2018ರದಕ್ಕೆ ಹೋಗು. ನಡುವಿನದೆಲ್ಲ ನಡೆದೇ ಇಲ್ಲ ಅಂತ ಆ ತಂಡವೇ ಅಂದುಕೊಂಡಿದೆ! 1998ರಲ್ಲಿ ಈ ಸರಣಿಯ ಕೊಲೆಗಾರ ಮೈಕೇಲ್ ಮೈಯರ್ಸ್‌ನ ತಲೆ ಹಾರಿಸಿದರು. 2002ರಲ್ಲಿ, ತಲೆ ಹೋದದ್ದು ಅವನದಲ್ಲ, ಮುಖವಾಡದೊಳಗೆ ಬೇರೆಯವನಿದ್ದ ಅಂದರು. ಇಂಥದ್ದಕ್ಕೆಲ್ಲ ಯಾಕೆ ನಿದ್ದೆಗೆಡ್ತೀಯಾ? 1982ರ 3ನೇ ಭಾಗದಲ್ಲಂತೂ ಮೈಕೇಲ್ ಕತೆಯೇ ಇಲ್ಲ. ಅವನಿಲ್ಲ ಅಂತ ಜನ ಬೈದರು. ನನ್ನ ಕೇಳಿದರೆ, ಧೈರ್ಯ ಮಾಡಿದ್ದು ಅದೊಂದೇ.

ಪ್ರಶ್ನೆ: 2009ರ ನಂತರ ಅಷ್ಟು ವರ್ಷ ಜೇಸನ್ ಚಿತ್ರ ಬರಲೇ ಇಲ್ಲವಲ್ಲ, ಕೊನೆಗೂ ಬುದ್ಧಿ ಬಂತಾ?
– ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಬುದ್ಧಿ ಅಲ್ಲ ಮೇಷ್ಟ್ರೇ, ಕೇಸು. ಅಮೆರಿಕದ ಕಾನೂನಿನಲ್ಲಿ ಲೇಖಕ ಮಾರಿದ ಹಕ್ಕನ್ನು 35 ವರ್ಷದ ನಂತರ ವಾಪಸ್ ಕೇಳಬಹುದು. ಮೊದಲ ಚಿತ್ರ ಬರೆದ ವಿಕ್ಟರ್ ಮಿಲ್ಲರ್ ಕೇಳಿಯೇಬಿಟ್ಟರು. ‘ನೀವು ನಮ್ಮ ಸಂಬಳದ ಆಳಾಗಿ ಬರೆದದ್ದು, ವಾಪಸ್ ಕೇಳೋ ಹಾಗಿಲ್ಲ’ ಅಂತ ನಿರ್ಮಾಪಕರು ಕೋರ್ಟಿಗೆ ಹೋದರು. 2018ರಲ್ಲಿ ಮಿಲ್ಲರ್ ಗೆದ್ದರು, 2021ರಲ್ಲಿ ಅಪೀಲಿನಲ್ಲೂ ಗೆದ್ದರು. ಆದರೆ ಅವರಿಗೆ ದಕ್ಕಿದ್ದು ಅಮೆರಿಕದ ಮಟ್ಟಿಗೆ, ಮೊದಲ ಚಿತ್ರಕಥೆ ಮಾತ್ರ. ಅದರಲ್ಲಿ ಜೇಸನ್ ಕೆರೆಯಲ್ಲಿ ಮುಳುಗಿದ ಹುಡುಗ. ಮುಖವಾಡ ಹಾಕಿದ ದಾಂಡಿಗ ಹುಟ್ಟಿದ್ದು ಮಿಲ್ಲರ್ ಬರೆಯದ ಭಾಗಗಳಲ್ಲಿ. ಹೀಗೆ ಹುಡುಗ ಒಬ್ಬರ ಪಾಲು, ಮುಖವಾಡ ಇನ್ನೊಬ್ಬರ ಪಾಲು ಆದಮೇಲೆ ಸಿನಿಮಾ ಶುರು ಮಾಡೋರು ಯಾರು ಹೇಳಿ?