12345678910987654321 ಸಮಸಂಖ್ಯೆ ಅಂತ ಎಕ್ಸೆಲ್ ಯಾಕೆ ಹೇಳುತ್ತೆ?

ಹೆಚ್ಚಾಗಿ ಸೆಲ್ಲಿನಲ್ಲಿ ಉಳಿದಿರೋದು ನಿಮ್ಮ ಸಂಖ್ಯೆಯೇ ಅಲ್ಲ. ಎಕ್ಸೆಲ್ 15 ಅಂಕಿ ಮಾತ್ರ ಇಟ್ಟುಕೊಂಡು ಮಿಕ್ಕ ಐದನ್ನು ಸೊನ್ನೆ ಮಾಡುತ್ತೆ. ಫಾರ್ಮ್ಯಾಟನ್ನು ನಂಬರ್ ಮಾಡಿ ನೋಡಿ, 12345678910987600000 ಅಂತ ಕಾಣುತ್ತೆ. ಆಮೇಲೆ ಟೆಕ್ಸ್ಟ್‌ಗೆ ಬದಲಿಸಿದರೂ ಹೋದ ಅಂಕಿಗಳು ವಾಪಸ್ ಬರಲ್ಲ.

ಎಲ್ಲ ಅಂಕಿಗಳೂ ಉಳಿಯಬೇಕಾದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಟೈಪ್ ಮಾಡಿ. ಸರಿಯಾಗಿ ಟೈಪ್ ಆಗಿದೆಯಾ ಅಂತ ತಿಳಿಯಲು ಮೊದಲು 9ರಿಂದ ಭಾಗಿಸಿದ ಶೇಷ ನೋಡಿ: ಅಂಕಿಗಳ ಮೊತ್ತ 91, ಹಾಗಾಗಿ 1 ಬರಬೇಕು. (ಅಂಕಿಗಳು ಅದಲುಬದಲಾಗಿದ್ದರೆ ಇದರಿಂದ ಗೊತ್ತಾಗಲ್ಲ, ಕಣ್ಣಲ್ಲೂ ಒಮ್ಮೆ ಓದಿ.) ಶೇಷಕ್ಕೆ %, ಭಾಗಲಬ್ಧಕ್ಕೆ // ಬಳಸಿ, ಒಂಟಿ / ಹಾಕಿದರೆ ಉತ್ತರ ದಶಮಾಂಶಕ್ಕೆ ತಿರುಗಿ ಮತ್ತೆ ಕೊನೆಯ ಅಂಕಿಗಳು ಕೆಡುತ್ತವೆ.

ಸಂಖ್ಯೆಗೆ ಅಪವರ್ತನಗಳಿವೆಯಾ ಅಂತ ನೋಡಲು ಒಂದೊಂದಾಗಿ ಭಾಗಿಸುತ್ತಾ ಕೂರಬೇಡಿ, ವರ್ಗಮೂಲವೇ 351 ಕೋಟಿ ದಾಟುತ್ತೆ. ಪೈಥಾನ್‌ನ ಗಣಿತದ ಲೈಬ್ರರಿ ಸಿಂಪೈಯಲ್ಲಿ ಅವಿಭಾಜ್ಯವೇ ಅಂತ ಪರೀಕ್ಷಿಸುವ ಈಸ್‌ಪ್ರೈಮ್‌ಗೆ ಕೊಡಿ. ಟ್ರೂ ಅಂತ ಬರುತ್ತೆ, ಸಂಖ್ಯೆ ಅವಿಭಾಜ್ಯ.