ಗುಜರಿಗೆ ಹೋದ ಎರಡನೇ ನೋಟ್‌ಬುಕ್

ಕುಂದಾಪುರ ಕಡೆಯ ಓದುಗರೊಬ್ಬರ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಗಂಡ ಸಾಲ ಬಿಟ್ಟು ತೀರಿಕೊಂಡ ಮೇಲೆ ಮಸ್ಕತ್‌ನಲ್ಲಿ ಒಂಬತ್ತು ವರ್ಷ ಮನೆಗೆಲಸ ಮಾಡಿ ಬಂದವರು. ಆ ಬದುಕನ್ನು ಕಾದಂಬರಿಯಾಗಿಸಬೇಕೆಂದು ಮೂರು ನೋಟ್‌ಬುಕ್ ತುಂಬಿಸಿದ್ದಾರೆ. ಅಣ್ಣನಿಗೆ ಮನೆ ಮರ್ಯಾದೆಯ ಚಿಂತೆ. ಊರಿನ ನಿವೃತ್ತ ಮೇಷ್ಟ್ರೊಬ್ಬರು 'ಖುಬ್ಬೂಸ್' (ಅರಬ್ಬರ ರೊಟ್ಟಿ) ಇದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ 'ರೊಟ್ಟಿ' ಎಂದು ತಿದ್ದಿ, ಇದು ಕಲಬೆರಕೆ ಕನ್ನಡ ಎಂದರಂತೆ. "ಹತ್ತನೇ ಕ್ಲಾಸು ಓದಿದ ನಾನು ಕಾದಂಬರಿ ಬರೆಯಬಹುದೇ?" ಎಂದು ಕೇಳಿದ್ದಾರೆ.

ಅಮ್ಮಾ, ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ: "ಎರಡನೇ ನೋಟ್‌ಬುಕ್ಕನ್ನು ಅಣ್ಣ ಹಳೇ ಪೇಪರಿನ ಜೊತೆ ಗುಜರಿಗೆ ಹಾಕಿದರು, ಪಾಪ, ಗೊತ್ತಾಗಲಿಲ್ಲ." ಅದನ್ನು ಓದಿ ನನಗೆ ಊಟ ಸೇರಲಿಲ್ಲ. ಅದರಲ್ಲಿ ಏನಿತ್ತೆಂದೂ ನೀವೇ ಹೇಳಿದ್ದೀರಿ. ತಾಯಿ ಹೋದ ಸುದ್ದಿ ಬಂದ ದಿನ ನಿಮಗೆ ರಜೆ ಸಿಗಲಿಲ್ಲ. ಆಗಿನ್ನೂ ನಿಮಗೆ ಅರಬ್ಬಿ ಬಾರದು. ಆ ಮನೆಯ ಅಜ್ಜಿ ಬಂದು ಅಡುಗೆಮನೆಯ ನೆಲದ ಮೇಲೆ ನಿಮ್ಮ ಪಕ್ಕ ಕೂತು, ಒಂದೂ ಮಾತಾಡದೆ, ಬುಟ್ಟಿ ಬೆಳ್ಳುಳ್ಳಿ ಪೂರ್ತಿ ಸುಲಿದುಕೊಟ್ಟರು. ನಿಮ್ಮ ಕಾದಂಬರಿ ಇರುವುದೇ ಅಲ್ಲಿ.

ಅಣ್ಣನನ್ನು ನಾನು ಬೈಯುವುದಿಲ್ಲ, ಅವರಿಗೆ ಹೆದರಿಕೆ. ಸಿಟ್ಟು ಬರುವುದು ಮೇಷ್ಟ್ರ ಮೇಲೆ. ಅವರ ಕೆಂಪು ಶಾಯಿ ಬಿದ್ದ ಮೇಲೇ ಅದು ಮನೆಯವರ ಕಣ್ಣಿಗೆ ರದ್ದಿಯಾಗಿದ್ದು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ. ಅವರು ಕನ್ನಡದಲ್ಲಿ ಬರೆದದ್ದರಿಂದ ಕನ್ನಡ ಕೆಟ್ಟಿತೇ?

ನೈಜೀರಿಯಾದ ಲೇಖಕಿ ಬುಚಿ ಎಮೆಚೆಟಾ 1962ರಲ್ಲಿ ಗಂಡನಿದ್ದ ಲಂಡನ್‌ಗೆ ಹೋದರು. ಇಪ್ಪತ್ತೆರಡಕ್ಕೆಲ್ಲ ಐದು ಮಕ್ಕಳ ತಾಯಿ. ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಗಂಡ ಸುಟ್ಟುಹಾಕಿದ. ಮಕ್ಕಳನ್ನು ಕಟ್ಟಿಕೊಂಡು ಮನೆಬಿಟ್ಟ ಆಕೆ ಲೈಬ್ರರಿಯಲ್ಲಿ ದುಡಿದು, ಆಮೇಲೆ ಸಮಾಜಶಾಸ್ತ್ರ ಓದಿ, ಅದರ ನಡುವೆಯೇ ಬರೆದರು. 1972ರಲ್ಲಿ ಮೊದಲ ಪುಸ್ತಕ ಬಂತು. ಸುಟ್ಟುಹೋದದ್ದನ್ನು ನೆನಪಿನಿಂದ ಮತ್ತೆ ಬರೆದರು, ಅದು 1976ರಲ್ಲಿ ಅಚ್ಚಾಯಿತು. ಇಂಗ್ಲಿಷ್ ಅವರ ತಾಯ್ನುಡಿಯಲ್ಲ, ಅವರ ಮನೆಮಾತು ಇಗ್ಬೊ.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ಹೊಸ ನೋಟ್‌ಬುಕ್ ತೆಗೆದು ಆ ಬೆಳ್ಳುಳ್ಳಿಯ ದಿನದಿಂದ ಶುರುಮಾಡಿ. ಖುಬ್ಬೂಸ್ ಖುಬ್ಬೂಸ್ ಆಗಿಯೇ ಇರಲಿ. ಮುಗಿಯುವವರೆಗೆ ಯಾರಿಗೂ ತೋರಿಸಬೇಡಿ, ಅಣ್ಣನಿಗೂ, ಮೇಷ್ಟ್ರಿಗೂ, ನನಗೂ. ಈ ಮಾತನ್ನು ಇದೇ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಉಳಿದೆರಡು ನೋಟ್‌ಬುಕ್ ಬೀರುವಿನಲ್ಲಿಟ್ಟು ಬೀಗ ಹಾಕಿ. ಕೀಲಿಕೈ ನಿಮ್ಮ ಹತ್ತಿರವೇ ಇರಲಿ.